ಹನ್ನೆರಡು ಗೆದ್ದವರು ಎಂಟು ಗೆದ್ದವರ ಊರಿಗೆ ಹೋಗಬೇಕು: ಎನ್‌ಎಫ್‌ಎಲ್‌ನ ಡಿವಿಷನ್ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2024ರಲ್ಲಿ ಸ್ಯಾಮ್ ಡಾರ್ನಾಲ್ಡ್ ಮಿನ್ನೆಸೋಟ ವೈಕಿಂಗ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ. ತಂಡ ಆಡಿದ್ದು 17 ಪಂದ್ಯ, ಗೆದ್ದದ್ದು 14. ಇಷ್ಟು ಗೆದ್ದರೂ ಪ್ಲೇಆಫ್‌ನಲ್ಲಿ ಸಿಕ್ಕಿದ್ದು ಐದನೇ ಸ್ಥಾನ. ಮೊದಲ ಪಂದ್ಯವೇ ಹೊರಗಡೆ, ಬರೀ 10 ಗೆದ್ದಿದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ. 27-9ರಿಂದ ಸೋತರು. ಆ ರಾತ್ರಿ ಡಾರ್ನಾಲ್ಡ್ ಅವರನ್ನು ಎದುರಾಳಿಗಳು ಒಂಬತ್ತು ಸಲ ನೆಲಕ್ಕೆ ಕೆಡವಿದರು. ಮುಂದಿನ ಸೀಸನ್‌ಗೆ ಅವರು ಸಿಯಾಟಲ್ ಸೀಹಾಕ್ಸ್ ಸೇರಿದರು. ಅಲ್ಲೂ 17ರಲ್ಲಿ 14 ಗೆಲುವು. ಈ ಸಲ ಒಂದನೇ ಸ್ಥಾನ. ಮೊದಲ ವಾರ ವಿಶ್ರಾಂತಿ, ಆಮೇಲಿನ ಎರಡೂ ಪಂದ್ಯ ತಮ್ಮದೇ ಮೈದಾನದಲ್ಲಿ. 2026ರ ಫೆಬ್ರವರಿ 8ರಂದು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 29-13ರಿಂದ ಸೋಲಿಸಿ ಚಾಂಪಿಯನ್ ಆದರು.

ಸೀಹಾಕ್ಸ್ ತಂಡದ ಡಿಫೆನ್ಸ್ ಬಲವಾಗಿತ್ತು ಅನ್ನುವುದು ಸರಿ, ಎಲ್ಲವನ್ನೂ ವೇಳಾಪಟ್ಟಿಯ ತಲೆಗೆ ಕಟ್ಟಲು ಆಗುವುದಿಲ್ಲ. ಆದರೂ ಎರಡು ವರ್ಷದ ಅಂಕಿ ಒಂದೇ ಇರುವಾಗ ದಾರಿ ಇಷ್ಟು ಬೇರೆ ಆಗಿದ್ದು ಯಾಕೆ? ಉತ್ತರ ಒಂದೇ ಪದದಲ್ಲಿದೆ: ಡಿವಿಷನ್, ಅಂದರೆ ತಂಡ ಸೇರಿರುವ ನಾಲ್ಕು ತಂಡಗಳ ಗುಂಪು. 2024ರಲ್ಲಿ ವೈಕಿಂಗ್ಸ್ ಇದ್ದ ಡಿವಿಷನ್‌ನಲ್ಲೇ ಡೆಟ್ರಾಯಿಟ್ ಲಯನ್ಸ್ 15 ಪಂದ್ಯ ಗೆದ್ದು ಕೂತಿತ್ತು. 2025ರಲ್ಲಿ ಸೀಹಾಕ್ಸ್ ಮೇಲೆ ಯಾರೂ ಇರಲಿಲ್ಲ. ಇಲ್ಲಿ ನೀವು ಎಷ್ಟು ಗೆದ್ದಿರಿ ಅನ್ನುವುದಕ್ಕಿಂತ ಮೊದಲು ಕೇಳುವ ಪ್ರಶ್ನೆ, ನಿಮ್ಮ ಅಕ್ಕಪಕ್ಕದ ಮೂವರು ಎಷ್ಟು ಗೆದ್ದರು ಅನ್ನುವುದು.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಚೌಕಟ್ಟು ಹೇಳಿಬಿಡುತ್ತೇನೆ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಎಎಫ್‌ಸಿ ಮತ್ತು ಎನ್‌ಎಫ್‌ಸಿ ಅಂತ ಎರಡು ಭಾಗ, ಒಂದೊಂದರಲ್ಲಿ 16 ತಂಡ. ಆ 16ನ್ನು ಈಸ್ಟ್, ವೆಸ್ಟ್, ನಾರ್ತ್, ಸೌತ್ ಅಂತ ನಾಲ್ಕು ಡಿವಿಷನ್‌ಗಳಿಗೆ ಹಂಚಿದ್ದಾರೆ. ಡಿವಿಷನ್‌ಗೆ ನಾಲ್ಕೇ ತಂಡ. ಪ್ಲೇಆಫ್‌ಗೆ ಒಂದೊಂದು ಭಾಗದಿಂದ ಏಳು ತಂಡ ಹೋಗುತ್ತವೆ. ಡಿವಿಷನ್ ಗೆದ್ದ ನಾಲ್ಕು ತಂಡಕ್ಕೆ 1ರಿಂದ 4ರವರೆಗಿನ ಸ್ಥಾನ ಖಾಯಂ. ಉಳಿದವರಲ್ಲಿ ಚೆನ್ನಾಗಿ ಆಡಿದ ಮೂವರು ವೈಲ್ಡ್ ಕಾರ್ಡ್ ಆಗಿ 5, 6, 7ನೇ ಸ್ಥಾನಕ್ಕೆ ಬರುತ್ತಾರೆ. ಒಂದನೇ ಸ್ಥಾನದವರಿಗೆ ಮೊದಲ ವಾರ ರಜೆ. ಎರಡು, ಮೂರು, ನಾಲ್ಕನೆಯವರು ಮೊದಲ ಪಂದ್ಯವನ್ನು ಸ್ವಂತ ಊರಲ್ಲಿ ಆಡುತ್ತಾರೆ. ವೈಲ್ಡ್ ಕಾರ್ಡ್‌ನವರು ಎಷ್ಟೇ ಗೆದ್ದಿರಲಿ, ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು.

ನಮ್ಮ ಐಪಿಎಲ್ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಅಲ್ಲಿ ಹತ್ತು ತಂಡಕ್ಕೆ ಒಂದೇ ಪಟ್ಟಿ, ಮೇಲಿನ ನಾಲ್ಕು ಒಳಗೆ. ಸಮ ಬಂದರೆ ನೆಟ್ ರನ್‌ರೇಟ್. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ಮೇಲೆ ಗೆದ್ದರೆ ಸಾಕಾಗುತ್ತಿರಲಿಲ್ಲ, 18 ರನ್‌ಗಳಿಂದ ಗೆಲ್ಲಬೇಕಿತ್ತು. 27 ರನ್‌ಗಳಿಂದ ಗೆದ್ದು ಒಳಗೆ ಬಂತು. ಎನ್‌ಎಫ್‌ಎಲ್‌ನಲ್ಲಿ ಎಷ್ಟು ಅಂತರದಿಂದ ಗೆದ್ದಿರಿ ಅನ್ನುವುದು ಟೈಬ್ರೇಕ್ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿದೆ, ಅಲ್ಲಿಯವರೆಗೆ ಲೆಕ್ಕ ಹೋಗುವುದೇ ಅಪರೂಪ. ಮೊದಲು ನೋಡುವುದು ಸಮ ಬಂದ ತಂಡಗಳು ಪರಸ್ಪರ ಆಡಿದಾಗ ಯಾರು ಗೆದ್ದರು ಅಂತ. ಆಮೇಲೆ ಡಿವಿಷನ್ ಒಳಗಿನ ಪಂದ್ಯಗಳು. ಆಮೇಲೆ ಇಬ್ಬರೂ ಆಡಿದ ಸಮಾನ ಎದುರಾಳಿಗಳ ವಿರುದ್ಧದ ಫಲಿತಾಂಶ. ಹೀಗೆ ಇಳಿಯುತ್ತಾ ಹೋಗಿ, ಕೊನೆಗೆ ನಾಣ್ಯ ಚಿಮ್ಮುವವರೆಗೂ ನಿಯಮ ಇದೆ!

ಈ ಲೆಕ್ಕ ಎಷ್ಟು ವಿಚಿತ್ರವಾಗಿ ತಿರುಗಬಲ್ಲದು ಅಂತ ನೋಡಬೇಕಾದರೆ 2025ರ ಎನ್‌ಎಫ್‌ಸಿ ಸೌತ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಅಲ್ಲಿನ ನಾಲ್ಕು ತಂಡ: ಕ್ಯಾರೊಲೈನಾ ಪ್ಯಾಂಥರ್ಸ್, ಟ್ಯಾಂಪಾ ಬೇ ಬಕನೀರ್ಸ್, ಅಟ್ಲಾಂಟಾ ಫಾಲ್ಕನ್ಸ್, ನ್ಯೂ ಆರ್ಲೀನ್ಸ್ ಸೇಂಟ್ಸ್. ಬಕನೀರ್ಸ್ ಮೊದಲ ಎಂಟು ಪಂದ್ಯದಲ್ಲಿ ಆರು ಗೆದ್ದಿತ್ತು. ಡಿವಿಷನ್ ಅವರ ಕೈಯಲ್ಲೇ ಇದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅಲ್ಲಿಂದ ಮುಂದಿನ ಎಂಟರಲ್ಲಿ ಒಂದೇ ಗೆಲುವು. ಕೊನೆಯ ವಾರ, 2026ರ ಜನವರಿ 3ರ ಶನಿವಾರ, ಬಕನೀರ್ಸ್ ಮತ್ತು ಪ್ಯಾಂಥರ್ಸ್ ಟ್ಯಾಂಪಾದಲ್ಲಿ ಮುಖಾಮುಖಿಯಾದವು. ಪ್ಯಾಂಥರ್ಸ್ ಗೆದ್ದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಬಕನೀರ್ಸ್ 16-14ರಿಂದ ಗೆದ್ದಿತು. ಈಗ ಎರಡೂ ತಂಡ 8 ಗೆಲುವು, 9 ಸೋಲು.

ಗೆದ್ದ ಬಕನೀರ್ಸ್ ಡಿವಿಷನ್ ಗೆದ್ದಿತಾ? ಇಲ್ಲ. ಸೋತ ಪ್ಯಾಂಥರ್ಸ್ ಹೊರಬಿತ್ತಾ? ಅದೂ ಇಲ್ಲ. ಇಬ್ಬರೂ ಭಾನುವಾರ ಅಟ್ಲಾಂಟಾದಲ್ಲಿ ನಡೆಯುವ ಫಾಲ್ಕನ್ಸ್ ಮತ್ತು ಸೇಂಟ್ಸ್ ಪಂದ್ಯಕ್ಕಾಗಿ ಕಾಯಬೇಕಾಯಿತು. ಆ ಎರಡು ತಂಡಗಳಿಗೆ ಪ್ಲೇಆಫ್ ಬಾಗಿಲು ಆಗಲೇ ಮುಚ್ಚಿತ್ತು. ಏನೂ ಸಿಗದ ಇಬ್ಬರು ಆಡುವ ಪಂದ್ಯ, ಅದರ ಮೇಲೆ ಮನೆಯಲ್ಲಿ ಕೂತ ಇಬ್ಬರ ಹಣೆಬರಹ.

ಫಾಲ್ಕನ್ಸ್ ಸೋತರೆ ಸಮಬಲದಲ್ಲಿ ಉಳಿಯುವುದು ಇಬ್ಬರೇ. ಬಕನೀರ್ಸ್ ಮತ್ತು ಪ್ಯಾಂಥರ್ಸ್ ಪರಸ್ಪರ ಒಂದೊಂದು ಗೆದ್ದಿವೆ, ಸಮ. ಡಿವಿಷನ್ ಒಳಗೆ ಇಬ್ಬರದೂ 3 ಗೆಲುವು 3 ಸೋಲು, ಅದೂ ಸಮ. ಅದರ ಮುಂದಿನ ಮೆಟ್ಟಿಲು ಸಮಾನ ಎದುರಾಳಿಗಳದ್ದು, ಅಲ್ಲಿ ಬಕನೀರ್ಸ್ ಮುಂದು. ಅಂದರೆ ಡಿವಿಷನ್ ಬಕನೀರ್ಸ್‌ಗೆ. ಆದರೆ ಫಾಲ್ಕನ್ಸ್ ಗೆದ್ದರೆ ಅವರೂ 8-9 ಆಗುತ್ತಾರೆ. ಆಗ ಲೆಕ್ಕ ಮೂವರ ನಡುವೆ. ಪ್ಯಾಂಥರ್ಸ್ ಆ ವರ್ಷ ಫಾಲ್ಕನ್ಸ್ ಮೇಲೆ ಎರಡೂ ಸಲ ಗೆದ್ದಿತ್ತು, ಒಮ್ಮೆ 30-0, ಇನ್ನೊಮ್ಮೆ ಹೆಚ್ಚುವರಿ ಅವಧಿಯಲ್ಲಿ 30-27. ಬಕನೀರ್ಸ್ ಜೊತೆ ಒಂದು ಗೆಲುವು ಒಂದು ಸೋಲು. ಒಟ್ಟು 3-1. ಬಕನೀರ್ಸ್ ಇಬ್ಬರ ಜೊತೆಗೂ ಒಂದೊಂದು ಗೆದ್ದು ಒಂದೊಂದು ಸೋತಿತ್ತು, 2-2. ಫಾಲ್ಕನ್ಸ್ 1-3. ಮೂವರು ಸಮ ಬಂದರೆ ಡಿವಿಷನ್ ಪ್ಯಾಂಥರ್ಸ್‌ಗೆ.

ಹಾಗಾಗಿ ಆ ಭಾನುವಾರ ಕ್ಯಾರೊಲೈನಾದವರು ತಾವು ಎರಡು ಸಲ ಬಡಿದು ಹಾಕಿದ್ದ ಫಾಲ್ಕನ್ಸ್ ಗೆಲ್ಲಲಿ ಅಂತ ಬೇಡಿಕೊಳ್ಳಬೇಕಾಯಿತು. ಫಾಲ್ಕನ್ಸ್ 19-17ರಿಂದ ಗೆದ್ದಿತು. ಶನಿವಾರ ಸೋತವರು ಭಾನುವಾರ ಡಿವಿಷನ್ ಚಾಂಪಿಯನ್. ಶನಿವಾರ ಗೆದ್ದವರು ಸೀಸನ್ ಮುಗಿಸಿ ಮನೆಗೆ. ಇನ್ನು ಪಂದ್ಯ ಗೆದ್ದುಕೊಟ್ಟ ಫಾಲ್ಕನ್ಸ್ ಕೋಚ್ ರಹೀಮ್ ಮಾರಿಸ್ ಅವರನ್ನು ಅದೇ ದಿನ ಕೆಲಸದಿಂದ ತೆಗೆದರು. ಈ ಲೀಗ್‌ನಲ್ಲಿ ಕನಿಕರ ಅನ್ನುವುದು ಸ್ವಲ್ಪ ಕಡಿಮೆ.

ಈ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಬೇಕಿತ್ತು ಅನ್ನುವವರ ಮಾತಿನಲ್ಲಿ ನ್ಯಾಯ ಇದೆ. ಒಂದರ ಫಲಿತಾಂಶ ಇನ್ನೊಂದನ್ನು ಮುಟ್ಟುವಾಗ ಎರಡನ್ನೂ ಒಟ್ಟಿಗೆ ಇಡುವುದು ಕೊನೆಯ ವಾರದ ಸಾಮಾನ್ಯ ಪದ್ಧತಿ. ಆದರೆ ಶನಿವಾರ ಸಂಜೆಯ ಟಿವಿಗೂ ಒಂದು ಒಳ್ಳೆಯ ಪಂದ್ಯ ಬೇಕಲ್ವಾ?

ಸರಿ, 8-9ರ ಪ್ಯಾಂಥರ್ಸ್ ನಾಲ್ಕನೇ ಸ್ಥಾನಕ್ಕೆ ಬಂತು. ಐದನೆಯವರು ಯಾರು? 12 ಗೆದ್ದು 5 ಸೋತಿದ್ದ ರ‍್ಯಾಮ್ಸ್. ಅವರ ಡಿವಿಷನ್ ಎನ್‌ಎಫ್‌ಸಿ ವೆಸ್ಟ್. ಅಲ್ಲಿ ಸೀಹಾಕ್ಸ್ 14-3, ರ‍್ಯಾಮ್ಸ್ 12-5, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ 12-5. ಒಂದೇ ಡಿವಿಷನ್‌ನಲ್ಲಿ ಮೂವರು ಹನ್ನೆರಡು ಅಥವಾ ಅದಕ್ಕೂ ಮೇಲೆ. ಗೆಲ್ಲುವವರು ಒಬ್ಬರೇ. ಹಾಗಾಗಿ ರ‍್ಯಾಮ್ಸ್ ಕ್ಯಾಲಿಫೋರ್ನಿಯಾದಿಂದ ಇಡೀ ದೇಶ ದಾಟಿ ಷಾರ್ಲಟ್‌ಗೆ ಹೋಗಬೇಕಾಯಿತು, ತಮಗಿಂತ ನಾಲ್ಕು ಪಂದ್ಯ ಕಡಿಮೆ ಗೆದ್ದವರ ಊರಿಗೆ. ಅಲ್ಲಿ ಹೇಗೋ 34-31ರಿಂದ ಬಚಾವಾದರು, ಗೆಲುವಿನ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಪಡೆಯುವ ಆರು ಅಂಕ) ಬಂದಾಗ ಒಂದು ನಿಮಿಷವೂ ಉಳಿದಿರಲಿಲ್ಲ. ಫಾರ್ಟಿನೈನರ್ಸ್ ಕೂಡ ಫಿಲಡೆಲ್ಫಿಯಾಕ್ಕೆ ಹೋಗಿ 11 ಗೆದ್ದಿದ್ದ ಈಗಲ್ಸ್ ತಂಡವನ್ನು 23-19ರಿಂದ ಸೋಲಿಸಿ ಬಂತು.

ಇನ್ನೊಂದು ಡಿವಿಷನ್ ಕಥೆ ಕೇಳಿ. ಎನ್‌ಎಫ್‌ಸಿ ನಾರ್ತ್‌ನಲ್ಲಿ ಆ ವರ್ಷ ನಾಲ್ಕೂ ತಂಡ ಸೋತದ್ದಕ್ಕಿಂತ ಗೆದ್ದದ್ದೇ ಜಾಸ್ತಿ. ಶಿಕಾಗೊ ಬೇರ್ಸ್ 11-6, ಗ್ರೀನ್ ಬೇ ಪ್ಯಾಕರ್ಸ್ 9 ಗೆಲುವು 7 ಸೋಲು 1 ಟೈ, ವೈಕಿಂಗ್ಸ್ 9-8, ಲಯನ್ಸ್ 9-8. ಕೊನೆಯ ಸ್ಥಾನದ ಲಯನ್ಸ್, ಸೌತ್‌ನ ಮೊದಲ ಸ್ಥಾನದ ಪ್ಯಾಂಥರ್ಸ್‌ಗಿಂತ ಒಂದು ಪಂದ್ಯ ಹೆಚ್ಚು ಗೆದ್ದಿತ್ತು! ಅವರು ಟಿವಿ ನೋಡಿದರು, ಇವರು ಪ್ಲೇಆಫ್ ಆಡಿದರು.

ಇದನ್ನು ನೋಡಿದ ಯಾರಿಗೂ ಮೊದಲು ಬರುವ ಯೋಚನೆ, ಈ ಡಿವಿಷನ್ ಗೊಡವೆಯೇ ಬೇಡ, 16 ತಂಡಕ್ಕೆ ಒಂದೇ ಪಟ್ಟಿ ಮಾಡಿ ಮೇಲಿನ ಏಳನ್ನು ತಗೊಳ್ಳಿ ಅಂತ. ಕೇಳೋಕೆ ಸರಿಯಾಗಿದೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಯಾಕೆ ಅಂದರೆ ಒಂದೇ ಪಟ್ಟಿ ಮಾಡಬೇಕಾದರೆ ಎಲ್ಲರೂ ಒಂದೇ ಪರೀಕ್ಷೆ ಬರೆದಿರಬೇಕು. ಇಲ್ಲಿ ಹಾಗಿಲ್ಲ.

17 ಪಂದ್ಯಗಳು ಹೇಗೆ ಬರುತ್ತವೆ ನೋಡಿ. ಡಿವಿಷನ್‌ನ ಮೂವರ ಜೊತೆ ಎರಡೆರಡು ಸಲ, ಆರು ಪಂದ್ಯ. ತಮ್ಮದೇ ಭಾಗದ ಇನ್ನೊಂದು ಪೂರ್ತಿ ಡಿವಿಷನ್ ಜೊತೆ ನಾಲ್ಕು, ಅದು ವರ್ಷ ವರ್ಷ ಬದಲಾಗುತ್ತದೆ. ಎದುರು ಭಾಗದ ಒಂದು ಪೂರ್ತಿ ಡಿವಿಷನ್ ಜೊತೆ ನಾಲ್ಕು. ಇಲ್ಲಿಗೆ 14. ಉಳಿದ ಮೂರು ಮಾತ್ರ ಹಿಂದಿನ ವರ್ಷದ ಸ್ಥಾನ ನೋಡಿ ಕೊಡುವುದು: ಮೊದಲಿದ್ದವರಿಗೆ ಬೇರೆ ಡಿವಿಷನ್‌ಗಳ ಮೊದಲಿನವರು, ಕೊನೆಯವರಿಗೆ ಕೊನೆಯವರು. 32 ತಂಡದಲ್ಲಿ ಒಂದು ತಂಡ ಒಂದು ಸೀಸನ್‌ನಲ್ಲಿ ಮುಖ ನೋಡುವುದು 14 ಎದುರಾಳಿಗಳನ್ನು ಮಾತ್ರ. ಬೇರೆ ಡಿವಿಷನ್‌ನ ಎರಡು ತಂಡಗಳನ್ನು ಹೋಲಿಸಿ 9-8 ಮೇಲೋ 8-9 ಮೇಲೋ ಅನ್ನುವುದು ಬೇರೆ ಬೇರೆ ಪ್ರಶ್ನೆಪತ್ರಿಕೆಯ ಅಂಕ ಕೂಡಿಸಿದ ಹಾಗೆ. ಡಿವಿಷನ್ ಒಳಗಿನ ನಾಲ್ವರ ಪತ್ರಿಕೆ ಮಾತ್ರ ಹೆಚ್ಚುಕಡಿಮೆ ಒಂದೇ.

2025ರಲ್ಲಿ ಇನ್ನೊಂದು ತಮಾಷೆ ಆಗಿತ್ತು. ಆ ವರ್ಷದ ಸುತ್ತಿನಲ್ಲಿ ಸೌತ್ ಮತ್ತು ವೆಸ್ಟ್ ಡಿವಿಷನ್‌ಗಳು ಪರಸ್ಪರ ಆಡಿದವು. ಎಲ್ಲರೂ ಬೈಯುವ ಆ ಬಡಪಾಯಿ ಸೌತ್‌ನ ತಂಡಗಳೇ ಎರಡು ಸಲ ರ‍್ಯಾಮ್ಸ್ ಕಾಲೆಳೆದವು. ನವೆಂಬರ್ ಕೊನೆಯಲ್ಲಿ ಇದೇ ಪ್ಯಾಂಥರ್ಸ್ ಇದೇ ಷಾರ್ಲಟ್‌ನಲ್ಲಿ ರ‍್ಯಾಮ್ಸ್ ತಂಡವನ್ನು 31-28ರಿಂದ ಸೋಲಿಸಿತ್ತು. ಡಿಸೆಂಬರ್ ಕೊನೆಯಲ್ಲಿ ಫಾಲ್ಕನ್ಸ್ 27-24ರಿಂದ ಸೋಲಿಸಿತು. ರ‍್ಯಾಮ್ಸ್ ಸೀಹಾಕ್ಸ್‌ಗಿಂತ ಹಿಂದೆ ಬಿದ್ದದ್ದು ಸರಿಯಾಗಿ ಎರಡೇ ಪಂದ್ಯದಿಂದ. ಇದರ ಜೊತೆಗೆ ಡಿಸೆಂಬರ್ 18ರ ಸಿಯಾಟಲ್ ಪಂದ್ಯ. ಅಲ್ಲಿ ರ‍್ಯಾಮ್ಸ್ ಕೊನೆಯ ಕಾಲು ಭಾಗದಲ್ಲಿ 30-14ರಿಂದ ಮುಂದಿದ್ದೂ ಹೆಚ್ಚುವರಿ ಅವಧಿಯಲ್ಲಿ 38-37ರಿಂದ ಸೋತಿತು. ಷಾರ್ಲಟ್‌ಗೆ ಹೋಗಬೇಕಾಗಿ ಬಂದದ್ದು ಬರೀ ನಿಯಮದ ದೋಷ ಅಂತ ಹೇಳಲು ರ‍್ಯಾಮ್ಸ್ ಅಭಿಮಾನಿಗಳಿಗೂ ಸ್ವಲ್ಪ ಮುಜುಗರ ಆಗಬೇಕು.

ಹಾಗಂತ ಸೋತದ್ದೇ ಜಾಸ್ತಿ ಇರುವ ತಂಡ ಡಿವಿಷನ್ ಗೆಲ್ಲುವುದು ದಿನಾ ಆಗುವ ಸಂಗತಿ ಅಲ್ಲ. ಪೂರ್ತಿ ಆಡಿದ ಸೀಸನ್‌ಗಳಲ್ಲಿ ಇದು ಮೊದಲು ಆಗಿದ್ದು 2010ರಲ್ಲಿ, ಸೀಹಾಕ್ಸ್ 7-9 ಇದ್ದಾಗ. 2014ರಲ್ಲಿ ಪ್ಯಾಂಥರ್ಸ್ 7-8-1. 2020ರಲ್ಲಿ ವಾಷಿಂಗ್ಟನ್ 7-9. 2022ರಲ್ಲಿ ಬಕನೀರ್ಸ್ 8-9. ಈಗ 2025ರ ಪ್ಯಾಂಥರ್ಸ್. ಐದರಲ್ಲಿ ಮೂರು ಸೌತ್‌ನವೇ, ಐದೂ ಎನ್‌ಎಫ್‌ಸಿಯವೇ. ಸ್ವಂತ ಮೈದಾನದ ಆ ಮೊದಲ ಪಂದ್ಯದಲ್ಲಿ ಈ ಐವರಲ್ಲಿ ಇಬ್ಬರು ಗೆದ್ದರು, ಮೂವರು ಸೋತರು. 2010ರ ಸೀಹಾಕ್ಸ್ ಸೋಲಿಸಿದ್ದು ಹಿಂದಿನ ವರ್ಷದ ಚಾಂಪಿಯನ್ ಸೇಂಟ್ಸ್ ತಂಡವನ್ನು, 41-36ರಿಂದ. ಆ ಪಂದ್ಯದಲ್ಲಿ ಮಾರ್ಷಾನ್ ಲಿಂಚ್ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕೊಡವಿಕೊಂಡು 67 ಗಜ ಓಡಿದಾಗ ಜನ ಕುಣಿದ ರಭಸಕ್ಕೆ ಹತ್ತಿರದ ಭೂಕಂಪ ಮಾಪಕದಲ್ಲಿ ಗೆರೆ ಮೂಡಿತು. ಅರ್ಹತೆಯೇ ಇಲ್ಲದ ತಂಡ ಅಂತ ಅವತ್ತು ಬೈದವರೂ ಆ ಓಟವನ್ನು ಇವತ್ತಿಗೂ ಹಾಕಿಕೊಂಡು ನೋಡುತ್ತಾರೆ.

ಇದರ ಇನ್ನೊಂದು ಮಗ್ಗುಲು 2008. ಪೇಟ್ರಿಯಟ್ಸ್ 16ರಲ್ಲಿ 11 ಗೆದ್ದಿತು. ಮಯಾಮಿ ಡಾಲ್ಫಿನ್ಸ್ ಕೂಡ 11 ಗೆದ್ದು ಟೈಬ್ರೇಕ್‌ನಲ್ಲಿ ಡಿವಿಷನ್ ತಗೊಂಡಿತು. ವೈಲ್ಡ್ ಕಾರ್ಡ್ ಲೆಕ್ಕದಲ್ಲೂ ಪೇಟ್ರಿಯಟ್ಸ್‌ಗೆ ಜಾಗ ಸಿಗಲಿಲ್ಲ, 11 ಗೆದ್ದವರು ಮನೆಗೆ ಹೋದರು. ಅದೇ ವರ್ಷ ಸ್ಯಾನ್ ಡಿಯಾಗೊ ಚಾರ್ಜರ್ಸ್ 8-8ರಲ್ಲಿ ಡಿವಿಷನ್ ಗೆದ್ದು, ಮೊದಲ ಸುತ್ತಿನಲ್ಲಿ 12 ಗೆದ್ದಿದ್ದ ಇಂಡಿಯಾನಾಪೊಲಿಸ್ ತಂಡವನ್ನು ಸ್ವಂತ ಊರಲ್ಲಿ ಸೋಲಿಸಿತು.

ಈ ಡಿವಿಷನ್‌ಗಳನ್ನು ಮಾಡಿದ್ದಾದರೂ ಹೇಗೆ? ಭೂಪಟ ನೋಡಿ ಮಾಡಿದ್ದು ಅಂದುಕೊಂಡರೆ ಡಲ್ಲಾಸ್ ಯಾಕೆ ಈಸ್ಟ್‌ನಲ್ಲಿದೆ ಅಂತ ಯಾರಾದರೂ ಕೇಳುತ್ತಾರೆ. ಟೆಕ್ಸಸ್ ಯಾವ ಲೆಕ್ಕದಲ್ಲಿ ಪೂರ್ವ? 1970ರಲ್ಲಿ ಎರಡು ಲೀಗ್ ಒಂದಾದಾಗ ಎನ್‌ಎಫ್‌ಸಿ ಮಾಲೀಕರು ಯಾರನ್ನು ಎಲ್ಲಿ ಹಾಕುವುದು ಅಂತ ಒಪ್ಪಂದಕ್ಕೇ ಬರಲಿಲ್ಲ. ಕೊನೆಗೆ ಐದು ಯೋಜನೆಗಳನ್ನು ಚೀಟಿಯಲ್ಲಿ ಬರೆದು ಹೂದಾನಿಗೆ ಹಾಕಿದರು. ಕಮಿಷನರ್ ಪೀಟ್ ರೊಜೆಲ್ ಅವರ ಕಾರ್ಯದರ್ಶಿ ಥೆಲ್ಮಾ ಎಲ್ಕ್‌ಯರ್ ಕೈ ಹಾಕಿ ಒಂದನ್ನು ಎತ್ತಿದರು. ಮೂರನೇ ಯೋಜನೆ ಬಂತು. ಡಲ್ಲಾಸ್ ಈಸ್ಟ್‌ಗೆ, ಅಟ್ಲಾಂಟಾ ವೆಸ್ಟ್‌ಗೆ ಹೋದವು. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಬಂದು 32 ತಂಡ ಆದಾಗ ಎಂಟು ಡಿವಿಷನ್ ಮಾಡಿ ಮತ್ತೆ ಹಂಚಿದರು. ಸಿಯಾಟಲ್ ಎಎಫ್‌ಸಿಯಿಂದ ಎನ್‌ಎಫ್‌ಸಿಗೆ ಬಂತು, ಈಗಿನ ಸೌತ್ ಹುಟ್ಟಿತು. ಡಲ್ಲಾಸ್ ಮಾತ್ರ ಈಸ್ಟ್‌ನಲ್ಲೇ ಉಳಿಯಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಜೊತೆಗಿನ ಹಗೆ ಆಗಲೇ ಒಳ್ಳೆಯ ವ್ಯಾಪಾರ ಆಗಿತ್ತು, ಅದನ್ನು ಯಾರು ಬಿಡುತ್ತಾರೆ?

ಈ ಹಗೆಯೇ ಡಿವಿಷನ್ ಪದ್ಧತಿಯ ಬಂಡವಾಳ. 2010ರಿಂದ ಕೊನೆಯ ವಾರದ ಎಲ್ಲ ಪಂದ್ಯಗಳನ್ನೂ ಡಿವಿಷನ್ ಒಳಗೇ ಇಡುತ್ತಾರೆ. ಸ್ಥಾನ ಗಟ್ಟಿಯಾದ ತಂಡಗಳು ಮುಖ್ಯ ಆಟಗಾರರನ್ನು ಕೂರಿಸಿ ಕಾಲ ಕಳೆಯುವುದು ಕಡಿಮೆ ಆಗಲಿ ಅಂತ. ಪೂರ್ತಿ ನಿಂತಿಲ್ಲ. 2020ರ ಕೊನೆಯ ರಾತ್ರಿ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಡಗ್ ಪೀಡರ್ಸನ್, ಮೂರೇ ಅಂಕದಿಂದ ಹಿಂದಿದ್ದ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು ಹೊರಗೆ ಕೂರಿಸಿ ಮೂರನೇ ಆಯ್ಕೆಯ ನೇಟ್ ಸಡ್‌ಫೆಲ್ಡ್ ಅವರನ್ನು ಇಳಿಸಿದರು. ವಾಷಿಂಗ್ಟನ್ 20-14ರಿಂದ ಗೆದ್ದು 7-9ರಲ್ಲಿ ಡಿವಿಷನ್ ತಗೊಂಡಿತು. ಈಗಲ್ಸ್ ಗೆದ್ದಿದ್ದರೆ ಡಿವಿಷನ್ ನ್ಯೂಯಾರ್ಕ್ ಜೈಂಟ್ಸ್‌ಗೆ ಸೇರುತ್ತಿತ್ತು, ಅವರು 6-10. ಜೈಂಟ್ಸ್ ಕಡೆಯವರು ಕೆಂಡಾಮಂಡಲ ಆದರು. ಹತ್ತು ಸೋತವರು ನ್ಯಾಯ ಕೇಳಿದ್ದು ನೋಡಿ ನಕ್ಕವರೂ ಇದ್ದರು.

ಪದ್ಧತಿ ಸರಿಯಾಗಿ ಕೆಲಸ ಮಾಡಿದಾಗ ಹೇಗಿರುತ್ತದೆ ಅನ್ನುವುದಕ್ಕೆ 2026ರ ಜನವರಿ 4ರ ರಾತ್ರಿಯ ಪಿಟ್ಸ್‌ಬರ್ಗ್ ಸಾಕು. ಸ್ಟೀಲರ್ಸ್ ಮತ್ತು ಬಾಲ್ಟಿಮೋರ್ ರೇವನ್ಸ್. ಗೆದ್ದವರಿಗೆ ಎಎಫ್‌ಸಿ ನಾರ್ತ್, ಸೋತವರಿಗೆ ಏನೂ ಇಲ್ಲ. ರೇವನ್ಸ್ ಮೊದಲ ಆರರಲ್ಲಿ ಐದು ಸೋತು ಅಲ್ಲಿಂದ ತೆವಳಿಕೊಂಡು ಬಂದಿತ್ತು. ಕೊನೆಯ ನಿಮಿಷದಲ್ಲಿ ಆರನ್ ರಾಜರ್ಸ್ ಎಸೆದ ಟಚ್‌ಡೌನ್‌ನಿಂದ ಸ್ಟೀಲರ್ಸ್ 26-24. ಅದರ ಮೇಲಿನ ಒಂದು ಅಂಕದ ಕಿಕ್ ತಪ್ಪಿತು, ಹಾಗಾಗಿ ಬರೀ ಮೂರು ಅಂಕದ ಫೀಲ್ಡ್ ಗೋಲ್ ಹೊಡೆದರೂ ರೇವನ್ಸ್ ಗೆಲ್ಲಬಹುದು. ಅವರು ಚೆಂಡನ್ನು ಮುಂದೆ ತಂದರು. 44 ಗಜದ ಕಿಕ್. ಒದ್ದದ್ದು ಮೊದಲ ವರ್ಷದ ಆಟಗಾರ ಟೈಲರ್ ಲೂಪ್. ಚೆಂಡು ಬಲಗಡೆ ಹೊರಗೆ ಹೋಯಿತು. ಎರಡು ದಿನದ ಮೇಲೆ, 18 ಸೀಸನ್ ತಂಡ ನಡೆಸಿದ್ದ ಕೋಚ್ ಜಾನ್ ಹಾರ್ಬಾ ಅವರನ್ನು ರೇವನ್ಸ್ ಕೈಬಿಟ್ಟಿತು. ಗೆದ್ದ ಸ್ಟೀಲರ್ಸ್ ಕೂಡ ಮುಂದಿನ ಪಂದ್ಯದಲ್ಲೇ ಹ್ಯೂಸ್ಟನ್ ಕೈಲಿ 30-6ರಿಂದ ಹೊಡೆತ ತಿಂದಿತು. ಅವರ ಕೋಚ್ ಮೈಕ್ ಟಾಮ್ಲಿನ್ 19 ಸೀಸನ್ ಆದಮೇಲೆ ತಾವೇ ಕೆಳಗಿಳಿದರು.  

ಡಿವಿಷನ್ ಚಿಕ್ಕದಾಗಿರುವುದರಿಂದ ಆಗುವ ಇನ್ನೊಂದು ಲಾಭ, ತಳದಲ್ಲಿದ್ದವರಿಗೂ ದಾರಿ ಹತ್ತಿರ. ಮೂವರನ್ನು ದಾಟಿದರೆ ಸಾಕು. 2024ರಲ್ಲಿ ಪೇಟ್ರಿಯಟ್ಸ್ 4-13, ಬೇರ್ಸ್ 5-12, ಎರಡೂ ತಮ್ಮ ಡಿವಿಷನ್‌ನಲ್ಲಿ ಕೊನೆ. 2025ರಲ್ಲಿ ಎರಡೂ ಡಿವಿಷನ್ ಗೆದ್ದವು, ಪೇಟ್ರಿಯಟ್ಸ್ ಅಂತೂ 14-3. ಮೇಲಿದ್ದವರು ಬೀಳುವುದೂ ಹಾಗೆಯೇ. 2016ರಿಂದ ಒಂಬತ್ತು ವರ್ಷ ಎಎಫ್‌ಸಿ ವೆಸ್ಟ್ ಗೆದ್ದಿದ್ದ ಕ್ಯಾನ್ಸಸ್ ಸಿಟಿ ಚೀಫ್ಸ್ 6-11ಕ್ಕೆ ಇಳಿಯಿತು. ಎನ್‌ಎಫ್‌ಸಿ ಈಸ್ಟ್‌ನಲ್ಲಂತೂ 2004ರ ಈಗಲ್ಸ್ ನಂತರ ಯಾರೂ ಸತತ ಎರಡು ವರ್ಷ ಗೆದ್ದಿರಲಿಲ್ಲ. ಆ ಸರಪಳಿ ಮುರಿದದ್ದೂ ಅದೇ ಈಗಲ್ಸ್, 2025ರಲ್ಲಿ. ಇದಕ್ಕೆ ಅಪವಾದ ಇಲ್ಲದೆ ಇಲ್ಲ. 2009ರಿಂದ 2019ರವರೆಗೆ ಪೇಟ್ರಿಯಟ್ಸ್ ಹನ್ನೊಂದು ವರ್ಷ ಸತತ ಎಎಫ್‌ಸಿ ಈಸ್ಟ್ ಗೆದ್ದಾಗ ಉಳಿದ ಮೂವರಿಗೆ ಡಿಸೆಂಬರ್ ಅಂದರೆ ಬರೀ ಚಳಿಗಾಲ.

ಹಾಗಾದರೆ ಏನೂ ಬದಲಾಯಿಸುವುದು ಬೇಡವೇ? ಒಂದನ್ನು ಬದಲಾಯಿಸಬೇಕು ಅನ್ನುವುದು ನನ್ನ ಅಭಿಪ್ರಾಯ, ಮತ್ತು ಅದನ್ನು ಆಗಲೇ ಒಂದು ತಂಡ ಹೇಳಿ ನೋಡಿದೆ.

2025ರ ಜನವರಿ 5ರಂದು ಡೆಟ್ರಾಯಿಟ್‌ನಲ್ಲಿ ಲಯನ್ಸ್ ಮತ್ತು ವೈಕಿಂಗ್ಸ್ ಆಡಿದಾಗ ಎರಡೂ 14-2. ಒಟ್ಟು 28 ಗೆಲುವಿನ ತಂಡಗಳು ಲೀಗ್ ಹಂತದಲ್ಲಿ ಎದುರಾಗಿದ್ದು ಅದೇ ಮೊದಲು. ಗೆದ್ದವರಿಗೆ ಡಿವಿಷನ್, ಒಂದನೇ ಸ್ಥಾನ, ಒಂದು ವಾರ ರಜೆ. ಸೋತವರಿಗೆ ಐದನೇ ಸ್ಥಾನ ಮತ್ತು ಪ್ರಯಾಣ. ಲಯನ್ಸ್‌ನ ಜಮೀರ್ ಗಿಬ್ಸ್ ನಾಲ್ಕು ಟಚ್‌ಡೌನ್ ಹೊಡೆದರು, 31-9ರಿಂದ ಗೆದ್ದರು. ವೈಲ್ಡ್ ಕಾರ್ಡ್ ತಂಡವೊಂದು 14 ಗೆದ್ದದ್ದು ಹಿಂದೆಂದೂ ಇರಲಿಲ್ಲ. ರ‍್ಯಾಮ್ಸ್ ಊರಲ್ಲಿ ಕಾಡ್ಗಿಚ್ಚು ಎದ್ದಿದ್ದರಿಂದ ವೈಕಿಂಗ್ಸ್ ಅಲ್ಲಿ ಆಡಬೇಕಿದ್ದ ಆ ಮೊದಲ ಪ್ಲೇಆಫ್ ಪಂದ್ಯವನ್ನು ಅರಿಜೋನಾಕ್ಕೆ ಸಾಗಿಸಿದರು, ಆದರೂ ಅದು ರ‍್ಯಾಮ್ಸ್ ತವರು ಪಂದ್ಯ ಅಂತಲೇ ಲೆಕ್ಕ. ಮುಂದೆ ಎರಡು ತಿಂಗಳಲ್ಲಿ ನಿಯಮ ಬದಲಿಸಿ ಅಂತ ಲೀಗ್‌ಗೆ ಅರ್ಜಿ ಹಾಕಿದವರು ಸೋತ ವೈಕಿಂಗ್ಸ್ ಅಲ್ಲ, ಗೆದ್ದ ಲಯನ್ಸ್! ಅವರು ಕೇಳಿದ್ದು ಇಷ್ಟೇ. ಡಿವಿಷನ್ ಗೆದ್ದವರಿಗೆ ಪ್ಲೇಆಫ್ ಜಾಗ ಇರಲಿ. ಆದರೆ ವೈಲ್ಡ್ ಕಾರ್ಡ್ ತಂಡ ಹೆಚ್ಚು ಗೆದ್ದಿದ್ದರೆ ಅದಕ್ಕೆ ಮೇಲಿನ ಸ್ಥಾನ ಕೊಡಿ. ಇದು ಪಾಸಾಗಲು 32 ಮಾಲೀಕರಲ್ಲಿ 24 ಜನ ಒಪ್ಪಬೇಕು. ಅಷ್ಟು ಬೆಂಬಲ ಇಲ್ಲ ಅನ್ನುವುದು ಕಂಡಿತು, ಮೇ ತಿಂಗಳಲ್ಲಿ ಲಯನ್ಸ್ ಅರ್ಜಿ ವಾಪಸ್ ತಗೊಂಡಿತು.

ಯಾಕೆ ಒಪ್ಪಲಿಲ್ಲ ಅಂದರೆ, ಪ್ರತಿ ಮಾಲೀಕನಿಗೂ ಡಿವಿಷನ್ ಗೆದ್ದರೆ ಒಂದು ತವರು ಪ್ಲೇಆಫ್ ಗ್ಯಾರಂಟಿ ಅನ್ನುವುದು ಕೈಯಲ್ಲಿರುವ ಹಕ್ಕಿ. ಸೀಸನ್ ಟಿಕೆಟ್ ಮಾರುವಾಗ ಹೇಳಿಕೊಳ್ಳಬಹುದಾದ ಮಾತು ಅದು. ಹೆಚ್ಚು ಗೆದ್ದು ವೈಲ್ಡ್ ಕಾರ್ಡ್ ಆಗುವ ದುರಾದೃಷ್ಟ ಯಾವತ್ತೋ ಬರುವುದು.

ಇದನ್ನು ಮುಟ್ಟಲೇಬಾರದ ಸಂಪ್ರದಾಯ ಅಂತ ವಾದಿಸುವವರಿಗೆ 1972 ನೆನಪಿಸಬೇಕು. ಆ ವರ್ಷ ಡಾಲ್ಫಿನ್ಸ್ 14ಕ್ಕೆ 14 ಗೆದ್ದಿತ್ತು. ಎಎಫ್‌ಸಿ ಫೈನಲ್ ಆಡಿದ್ದು ಎಲ್ಲಿ? ಪಿಟ್ಸ್‌ಬರ್ಗ್‌ನಲ್ಲಿ, 11-3ರ ಸ್ಟೀಲರ್ಸ್ ಮೈದಾನದಲ್ಲಿ. ಆಗ ತವರು ಪಂದ್ಯ ಡಿವಿಷನ್‌ಗಳ ನಡುವೆ ಸರದಿ ಪ್ರಕಾರ ಹೋಗುತ್ತಿತ್ತು, ಎಷ್ಟು ಗೆದ್ದಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ಡಾಲ್ಫಿನ್ಸ್ ಅಲ್ಲೂ ಗೆದ್ದು 17-0 ಆದದ್ದರಿಂದ ಗಲಾಟೆ ಆಗಲಿಲ್ಲ. 1975ರಲ್ಲಿ ಆ ಸರದಿ ಬಿಟ್ಟು ಗೆಲುವಿನ ಪ್ರಕಾರ ಸ್ಥಾನ ಕೊಡಲು ಶುರು ಮಾಡಿದರು. ಅವತ್ತು ಅರ್ಧ ದಾರಿ ಬಂದರು. ಉಳಿದ ಅರ್ಧವೇ ಲಯನ್ಸ್ ಕೇಳಿದ್ದು.

2025ಕ್ಕೆ ಆ ನಿಯಮ ಹಚ್ಚಿ ನೋಡಿ. ಪ್ಯಾಂಥರ್ಸ್ ಆಗಲೂ ಒಳಗೇ ಇರುತ್ತಿತ್ತು, ಆದರೆ ಏಳನೆಯವರಾಗಿ, ಹೊರಗಡೆ ಆಡಲು. ಎನ್‌ಎಫ್‌ಸಿ ವೆಸ್ಟ್‌ನ ಮೂವರೂ ಮೇಲಿನ ಮೂರು ಸ್ಥಾನ ಹಿಡಿಯುತ್ತಿದ್ದರು. ಬೇರ್ಸ್ ಮತ್ತು ಈಗಲ್ಸ್, ಎರಡೂ 11-6, ನಾಲ್ಕು ಮತ್ತು ಐದಾಗಿ ಎದುರಾಗುತ್ತಿದ್ದವು. ಟ್ಯಾಂಪಾ, ಅಟ್ಲಾಂಟಾದ ಆ ವಾರಾಂತ್ಯದ ರೋಚಕತೆ ಒಂದು ಚೂರೂ ಕಡಿಮೆ ಆಗುತ್ತಿರಲಿಲ್ಲ, ಯಾಕೆಂದರೆ ಒಳಗೆ ಬರುವ ಬಾಗಿಲು ಅದೇ. 9-8ರ ಲಯನ್ಸ್ ಆಗಲೂ ಹೊರಗೇ. ತಾವೇ ಬರೆದ ಅರ್ಜಿಯಿಂದ ಅವರಿಗೆ ಎರಡು ವರ್ಷದಲ್ಲಿ ಒಂದು ಪೈಸೆ ಲಾಭ ಇರಲಿಲ್ಲ. ಆ ಪ್ರಸ್ತಾವವನ್ನು ನಾನು ನಂಬುವುದಕ್ಕೆ ಅದೂ ಒಂದು ಕಾರಣ.

ಅಲ್ಲಿಯವರೆಗೆ ಲೀಗ್ ತನ್ನದೇ ರೀತಿಯಲ್ಲಿ ತಕ್ಕಡಿ ಸರಿಮಾಡುತ್ತದೆ. 2026ರ ವೇಳಾಪಟ್ಟಿಯಲ್ಲಿ ಸ್ಥಾನ ನೋಡಿ ಕೊಡುವ ಮೂರು ಪಂದ್ಯ ಇದೆಯಲ್ಲ, ಅದರಲ್ಲಿ 8-9ರ ಪ್ಯಾಂಥರ್ಸ್‌ಗೆ ಸಿಗುವುದು ಬೇರೆ ಡಿವಿಷನ್ ಗೆದ್ದ ಮೂರು ತಂಡಗಳು. 9-8ರ ಲಯನ್ಸ್‌ಗೆ ಸಿಗುವುದು ಬೇರೆ ಡಿವಿಷನ್‌ಗಳಲ್ಲಿ ತಳ ಕಂಡ ಮೂರು.